ಸೊನ್ನೆಯಿಂದ ಶುರು, ಕೊನೆಗೆ ಉತ್ತರ



ಈ ಸಲ ಉಪ್ಪಿನಕಾಯಿ ವರ್ಷವಿಡೀ ಕೆಡದಂತೆ ಇಡುವುದು ಹೇಗೆ ಎಂದು ಬರೆಯಬೇಕೆಂದಿದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ. ಈ ನಡುವೆ ನನ್ನ ಕೈಯಿಂದಲೇ ಒಂದು ದೊಡ್ಡ ತಪ್ಪು ನಡೆದುಹೋಯಿತು. ಆ ತಪ್ಪನ್ನು ತಿದ್ದಿಕೊಳ್ಳಲು ಹೋಗಿ, ಈ ವಯಸ್ಸಿನಲ್ಲಿ ಕಂಪ್ಯೂಟರಿಗೆ ಲೆಕ್ಕ ಹೇಳಿಕೊಡುವುದನ್ನು ಕಲಿತೆ. ಎರಡನ್ನೂ ನಿಮ್ಮ ಮುಂದೆ ಹೇಳಿಕೊಂಡರೆ ಮನಸ್ಸು ಹಗುರಾದೀತು, ನಿಮಗೂ ಉಪಯೋಗವಾದೀತು.

ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಹಪ್ಪಳ, ಸಂಡಿಗೆ, ಚಟ್ನಿಪುಡಿ, ಹುಳಿಪುಡಿ ಮಾಡಿ ಮಾರುತ್ತೇವೆ. ಮಾರಾಟದ ಹಣ ಒಂದು ಡಬ್ಬಿಯಲ್ಲಿ, ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ. ನಮ್ಮ ಖಜಾಂಚಿ ಏಳನೆಯ ಕ್ಲಾಸಿನವರೆಗೆ ಓದಿದಾಕೆ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ ತುಳಿದು ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಅಕ್ಷರವೋ ಮುತ್ತು ಪೋಣಿಸಿದ ಹಾಗೆ. ತಿಂಗಳ ಕೊನೆಯಲ್ಲಿ ಎಲ್ಲರೂ ಸೇರಿ ಲೆಕ್ಕ ನೋಡುವುದು ವಾಡಿಕೆ.

ಹೋದ ತಿಂಗಳು ಲೆಕ್ಕ ನೋಡುವ ಸರದಿ ನನ್ನದು. ನೋಟ್‌ಬುಕ್ಕಿನಲ್ಲಿ ಮೂರು ಪುಟ. ಮೂರರ ಕೆಳಗೂ ಮೊತ್ತ ಬರೆದಿತ್ತು: 1,840, ಆಮೇಲೆ 4,105, ಆಮೇಲೆ 1,520. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಮೂರನ್ನೂ ಕೂಡಿದೆ. 7,465 ಬಂತು. ಡಬ್ಬಿ ಸುರಿದು ಎಣಿಸಿದರೆ 5,625 ರೂಪಾಯಿ. 1,840 ರೂಪಾಯಿ ಕಡಿಮೆ!

ಕೋಣೆಯೆಲ್ಲ ಗಪ್‌ಚಿಪ್. "ನಾನು ಒಂದು ಕಾಸೂ ಮುಟ್ಟಿಲ್ಲ ಕಣ್ರೀ" ಅಂದಳು ಆಕೆ. ಮೂಲೆಯಲ್ಲಿ ಯಾರೋ ಮೆಲ್ಲಗೆ, "ಮಗಳ ಕಾಲೇಜು ಫೀಸು ಕಟ್ಟೋ ಸಮಯ ಅಲ್ವೇ" ಅಂದರು. ಆ ಮಾತು ಆಕೆಯ ಕಿವಿಗೂ ಬಿತ್ತು. ನನಗೂ ಕೇಳಿಸಿತು. ನಾನು ಸುಮ್ಮನಿದ್ದೆ. ಮಾರನೆಯ ಬೆಳಿಗ್ಗೆ ಡಬ್ಬಿಯ ಬೀಗದಕೈ ಮಗನ ಕೈಲಿ ನಮ್ಮ ಮನೆಗೆ ಬಂತು. ಆಕೆ ಮಾತ್ರ ಬರಲಿಲ್ಲ.

ಎರಡು ದಿನ ನನಗೆ ಊಟ ಸೇರಲಿಲ್ಲ. ಅಷ್ಟರಲ್ಲಿ ಬಿ.ಸಿ.ಎ. ಓದುತ್ತಿರುವ ನನ್ನ ತಂಗಿಯ ಮಗಳು ರಜಕ್ಕೆಂದು ಬಂದಳು. ನೋಟ್‌ಬುಕ್ಕು ಹಿಡಿದು ಕೂತಿದ್ದ ನನ್ನನ್ನು ನೋಡಿ, "ದೊಡ್ಡಮ್ಮ, ಪೈಥಾನಿನಲ್ಲಿ ಒಂದು ಸಣ್ಣ ಫಂಕ್ಷನ್ ಬರೆದು ಕೂಡಿಸೋಣ, ನೀವೇ ಬರೀರಿ" ಅಂದಳು. ಹೆಬ್ಬಾವಿನ ಹೆಸರು ಕೇಳಿ ನಾನು ಹೌಹಾರಿದೆ. ಅವಳು ನಕ್ಕುಬಿಟ್ಟಳು.

ಪೈಥಾನ್ ಅನ್ನುವುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ನೆದರ್‌ಲ್ಯಾಂಡ್ಸ್ ದೇಶದ ಗೀಡೊ ವಾನ್ ರಾಸಮ್ ಎಂಬವರು 1989ರ ಕೊನೆಯಲ್ಲಿ ಇದನ್ನು ಬರೆಯಲು ತೊಡಗಿ, 1991ರಲ್ಲಿ ಹೊರಗೆ ಬಿಟ್ಟರು. ಹೆಸರು ಬಂದದ್ದು ಹಾವಿನಿಂದಲ್ಲ, ಬ್ರಿಟನ್ನಿನ ಟೀವಿಯಲ್ಲಿ ಬರುತ್ತಿದ್ದ ಮಾಂಟಿ ಪೈಥಾನ್ ಎಂಬ ನಗೆನಾಟಕದಿಂದ! ಇದನ್ನು ಬಳಸಲು ಕಾಸು ಕೊಡಬೇಕಾಗಿಲ್ಲ. ಕಂಪ್ಯೂಟರೇ ಬೇಕೆಂದೂ ಇಲ್ಲ, ಪೈಥಾನ್ ಓಡಿಸುವ ಆಪ್‌ಗಳು ಫೋನಿಗೂ ಸಿಗುತ್ತವೆ.

"ಅದೆಲ್ಲ ನಮಗೆಲ್ಲಿ ಬರುತ್ತೆ?" ಅನ್ನುವಿರೇನೋ. ನಾನೂ ಹಾಗೇ ಅಂದೆ. ಆದರೆ ಕೇಳಿ, ಕಂಪ್ಯೂಟರ್ ಎಂಬ ಪದ ಮೊದಲು ಯಂತ್ರದ ಹೆಸರಾಗಿರಲಿಲ್ಲ. ಕೂತು ಲೆಕ್ಕ ಹಾಕುವ ಮನುಷ್ಯರನ್ನೇ ಹಾಗೆ ಕರೆಯುತ್ತಿದ್ದರು, ಅವರಲ್ಲಿ ಎಷ್ಟೋ ಮಂದಿ ಹೆಂಗಸರು. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ದೈತ್ಯ ಯಂತ್ರವನ್ನು ಜನರಿಗೆ ತೋರಿಸಿದಾಗ, ಅದಕ್ಕೆ ಲೆಕ್ಕದ ಕ್ರಮ ಹೇಳಿಕೊಟ್ಟಿದ್ದವರು ಆರು ಜನ ಹೆಂಗಸರು. ನಮ್ಮಲ್ಲಿ ನೋಡಿದರೆ 12ನೆಯ ಶತಮಾನದಲ್ಲೇ ರಾಜಾದಿತ್ಯ ಎಂಬ ಕವಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದಿಟ್ಟ. ಲೆಕ್ಕ ಹೆಂಗಸರಿಗೂ ಹೊಸದಲ್ಲ, ಕನ್ನಡಕ್ಕೂ ಹೊಸದಲ್ಲ.

ಈಗ ಒಲೆ ಹಚ್ಚೋಣ. ಈ ಪತ್ರಿಕೆಯ ಅಡುಗೆ ಪುಟದ ರೀತಿಯಲ್ಲೇ ಹೇಳಿಬಿಡುತ್ತೇನೆ.

ಬೇಕಾಗುವ ಸಾಮಗ್ರಿ

ಕೂಡಬೇಕಾದ ಅಂಕಿಗಳ ಒಂದು ಪಟ್ಟಿ. ಸೊನ್ನೆ ಹಾಕಿಟ್ಟ ಒಂದು ಖಾಲಿ ಪಾತ್ರೆ, ಅದರ ಹೆಸರು 'ಮೊತ್ತ'. ಸ್ವಲ್ಪ ತಾಳ್ಮೆ.

ಮಾಡುವ ವಿಧಾನ

ಡೆಫ್ ಕೂಡಿಸು(ಪಟ್ಟಿ):
    ಮೊತ್ತ = 0
    ಫಾರ್ ಅಂಕಿ ಇನ್ ಪಟ್ಟಿ:
        ಮೊತ್ತ = ಮೊತ್ತ + ಅಂಕಿ
    ರಿಟರ್ನ್ ಮೊತ್ತ

ಇಷ್ಟೇ, ಐದು ಸಾಲು. ಇದರಲ್ಲಿ ಡೆಫ್, ಫಾರ್, ಇನ್, ರಿಟರ್ನ್ ಎಂಬ ನಾಲ್ಕು ಪದಗಳು ಪೈಥಾನಿನವು. ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹಾಕಬೇಕು. ಡೆಫ್ ಅಂದರೆ ಡಿ, ಇ, ಎಫ್ ಅಷ್ಟೆ. ಉಳಿದ ಕೂಡಿಸು, ಪಟ್ಟಿ, ಮೊತ್ತ, ಅಂಕಿ ಇವೆಲ್ಲ ನಾವು ಇಟ್ಟ ಹೆಸರುಗಳು. 2008ರಲ್ಲಿ ಬಂದ ಮೂರನೆಯ ಪೈಥಾನಿನಿಂದ ಈಚೆಗೆ ಇಂಥ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಇದನ್ನು ಕೇಳಿ ನನಗಾದ ಸಂತೋಷ ಹೇಳತೀರದು!

ಒಂದೊಂದೇ ಸಾಲು ನೋಡೋಣ.

ಮೊದಲ ಸಾಲು, 'ಕೂಡಿಸು ಅಂತ ಒಂದು ಕೆಲಸ ಇದೆ, ಅದಕ್ಕೆ ಒಂದು ಪಟ್ಟಿ ಕೊಡುತ್ತೇನೆ' ಎಂದು ಹೇಳುತ್ತದೆ. ಹೀಗೆ ಹೆಸರಿಟ್ಟು ಬರೆದ ಕೆಲಸವೇ ಫಂಕ್ಷನ್. ಒಮ್ಮೆ ಬರೆದರೆ ಮುಗಿಯಿತು, ಮುಂದಿನ ತಿಂಗಳು ಹೊಸ ಪಟ್ಟಿ ಕೊಟ್ಟು ಹೆಸರು ಹಿಡಿದು ಕರೆದರೆ ಸಾಕು. ಹುಳಿ ಮಾಡುವ ವಿಧಾನ ಒಂದೇ, ದಿನಕ್ಕೊಂದು ತರಕಾರಿ ಹಾಕುತ್ತೇವಲ್ಲ, ಹಾಗೆ.

ಎರಡನೆಯ ಸಾಲು ಪಾತ್ರೆಗೆ ಸೊನ್ನೆ ಹಾಕುತ್ತದೆ. ಇಲ್ಲಿ '=' ಗುರುತಿಗೆ 'ಸಮ' ಎಂಬ ಅರ್ಥವಲ್ಲ, 'ಇದರೊಳಗೆ ಇದನ್ನು ಇಡು' ಎಂದರ್ಥ. ಮೂರನೆಯ ಸಾಲು, 'ಪಟ್ಟಿಯಲ್ಲಿರುವ ಅಂಕಿಗಳನ್ನು ಮೊದಲಿನಿಂದ ಒಂದೊಂದಾಗಿ ತಗೋ' ಅನ್ನುತ್ತದೆ. ನಾಲ್ಕನೆಯದು, 'ಪಾತ್ರೆಯಲ್ಲಿ ಇರುವುದಕ್ಕೆ ಈ ಅಂಕಿ ಸೇರಿಸಿ, ಮತ್ತೆ ಅದೇ ಪಾತ್ರೆಯಲ್ಲಿ ಇಡು'. ಕೊನೆಯದು, 'ಎಲ್ಲ ಮುಗಿದ ಮೇಲೆ ಉತ್ತರ ಹೇಳು'.

ಒಂದು ಪುಟ್ಟ ಉದಾಹರಣೆ. ಬೆಳಿಗ್ಗೆ ಸೊಪ್ಪು, ತರಕಾರಿಗೆಂದು 40, 25, 60, 15 ರೂಪಾಯಿ ಕೊಟ್ಟಿರಿ ಎನ್ನೋಣ. ಪಟ್ಟಿಯನ್ನು ಚೌಕ ಕಂಸದೊಳಗೆ ಅಲ್ಪವಿರಾಮ ಹಾಕಿ ಬರೆಯಬೇಕು. ಐದು ಸಾಲು ಮುಗಿದ ಮೇಲೆ, ಅಂಚಿನಲ್ಲಿ ಜಾಗ ಬಿಡದೆ, ಹೀಗೆ ಹಾಕಿ:

ಪ್ರಿಂಟ್(ಕೂಡಿಸು([40, 25, 60, 15]))

ಪ್ರಿಂಟ್ ಕೂಡ ಇಂಗ್ಲಿಷ್ ಅಕ್ಷರದಲ್ಲೇ. ಪಾತ್ರೆಯಲ್ಲಿ ಮೊದಲು 0. ಆಮೇಲೆ 40, ಆಮೇಲೆ 65, ಆಮೇಲೆ 125, ಕೊನೆಗೆ 140. ತೆರೆಯ ಮೇಲೆ 140 ಎಂದು ಬರುತ್ತದೆ. ಬೆರಳು ಮಡಿಸುತ್ತಾ 'ನಲವತ್ತು, ಅರವತ್ತೈದು, ನೂರಿಪ್ಪತ್ತೈದು' ಎಂದು ನಾವು ಬಾಯಲ್ಲಿ ಹೇಳಿಕೊಳ್ಳುವುದೂ ಇದನ್ನೇ ಅಲ್ಲವೇ? ಹಿಂದಿನವರು ಹಾಲಿನ ಲೆಕ್ಕಕ್ಕೆ ಅಡುಗೆಮನೆ ಗೋಡೆಯ ಮೇಲೆ ಇದ್ದಿಲ ಗೀಟು ಎಳೆದು, ತಿಂಗಳ ಕೊನೆಗೆ ಎಣಿಸುತ್ತಿದ್ದರಲ್ಲ, ಅವರಿಗೆ ಈ ಐದು ಸಾಲು ತೋರಿಸಿದ್ದರೆ 'ಇದರಲ್ಲೇನಿದೆ?' ಅನ್ನುತ್ತಿದ್ದರು.

ಈಗ ನನ್ನ ಪಾಡು ಕೇಳಿ. "ಪುಟದ ಕೆಳಗಿನ ಮೊತ್ತ ಬೇಡ ದೊಡ್ಡಮ್ಮ, ಒಂದೊಂದು ಮಾರಾಟವನ್ನೂ ಬೇರೆಬೇರೆಯಾಗಿ ಹಾಕಿ" ಅಂದಳು ಹುಡುಗಿ. ಅವಳು ಓದಿದಳು, ನಾನು ಒತ್ತಿದೆ. ಮೊದಲ ಪುಟದಲ್ಲಿ 11, ಎರಡನೆಯದರಲ್ಲಿ 12, ಮೂರನೆಯದರಲ್ಲಿ 8, ಒಟ್ಟು 31 ಮಾರಾಟ. ಹೆಮ್ಮೆಯಿಂದ ಓಡಿಸಿದೆ. ಉತ್ತರ 85!

"ಏನೇ ಇದು, ತಿಂಗಳಿಡೀ ದುಡಿದದ್ದಕ್ಕೆ ಎಂಬತ್ತೈದೇ ರೂಪಾಯಾ?"

"ಮೊದಲನೇ ಅಂಕಿ ಎಷ್ಟಿದೆ ನೋಡಿ" ಅಂದಳು. ನೋಡಿದರೆ 85. ಆಗಿದ್ದೇನೆಂದರೆ, ರಿಟರ್ನ್ ಎಂಬ ಕೊನೆಯ ಸಾಲನ್ನು ನಾನು ನಾಲ್ಕನೆಯ ಸಾಲಿನ ನೇರಕ್ಕೇ ಬರೆದುಬಿಟ್ಟಿದ್ದೆ. ಪೈಥಾನಿನಲ್ಲಿ ಸಾಲಿನ ಮುಂದೆ ಬಿಡುವ ಜಾಗ ಬರೀ ಅಂದಕ್ಕಲ್ಲ, ಯಾವುದು ಯಾವುದರ ಒಳಗೆ ಎಂದು ತಿಳಿಸುವುದೇ ಅದು. ಸಾಮಾನ್ಯವಾಗಿ ಒಂದೊಂದು ಹಂತಕ್ಕೆ ನಾಲ್ಕು ಅಕ್ಷರದಷ್ಟು ಜಾಗ ಬಿಡುತ್ತಾರೆ. ರಿಟರ್ನ್ ಒಳಗೆ ಸೇರಿದ್ದರಿಂದ, ಮೊದಲ ಅಂಕಿ ಕೂಡಿದ ಕೂಡಲೇ ಯಂತ್ರ ಉತ್ತರ ಹೇಳಿ ಎದ್ದುಹೋಯಿತು. ಉಳಿದ 30 ಅಂಕಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಅದನ್ನು ಸರಿಪಡಿಸುವ ಗಡಿಬಿಡಿಯಲ್ಲಿ ಸೊನ್ನೆಯ ಸಾಲನ್ನು ಫಾರ್ ಸಾಲಿನ ಕೆಳಗೆ, ಒಳಗಡೆಗೆ ತಳ್ಳಿಬಿಟ್ಟೆ. ಈಗ ಉತ್ತರ 110. ಅದು ಪಟ್ಟಿಯ ಕೊನೆಯ ಅಂಕಿ! ಪ್ರತಿ ಸಲ ಹೊಸ ಅಂಕಿ ತೆಗೆದುಕೊಳ್ಳುವ ಮುಂಚೆ ಪಾತ್ರೆಯನ್ನು ತೊಳೆದು ಬೋರಲು ಹಾಕಿದರೆ ಕೊನೆಗೆ ಉಳಿಯುವುದಾದರೂ ಏನು? ಕಡೆಯ ಸೌಟು ಮಾತ್ರ. ಸೊನ್ನೆ ಹಾಕುವುದು ಒಂದೇ ಸಲ, ಕೂಡಲು ಶುರು ಮಾಡುವ ಮುಂಚೆ.

ಮೂರನೆಯ ಸಲ ಎಲ್ಲ ಅದರದರ ಜಾಗದಲ್ಲಿ ಇಟ್ಟು ಓಡಿಸಿದೆ. ತೆರೆಯ ಮೇಲೆ 5625 ಎಂದು ಬಂತು.

ನನ್ನ ಕೈ ತಣ್ಣಗಾಯಿತು. ಡಬ್ಬಿಯಲ್ಲಿದ್ದದ್ದೂ ಅಷ್ಟೇ, 5,625. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಾಗಾದರೆ ಆ 1,840? ನೋಟ್‌ಬುಕ್ಕು ತಿರುಗಿಸಿದೆವು. ಮೊದಲ ಪುಟದ ಕೆಳಗೆ ಬರೆದಿದ್ದದ್ದೂ 1,840! ಎರಡನೆಯ ಪುಟದ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಹಿಂದಿನ ಪುಟದಿಂದ 1,840' ಎಂದಿತ್ತು. ಆ ಪುಟದ ಸ್ವಂತ ಮಾರಾಟ 2,265 ಮಾತ್ರ. ಹಿಂದಿನದನ್ನು ಸೇರಿಸಿಕೊಂಡು ಕೆಳಗೆ 4,105 ಎಂದು ಬರೆದಿದ್ದಾಳೆ. ಮೂರನೆಯ ಪುಟದಲ್ಲಿ ಹಿಂದಿನದನ್ನು ತರದೆ ಅಲ್ಲಿಯ 1,520 ಅಷ್ಟೇ ಬರೆದಿದ್ದಾಳೆ. 4,105ಕ್ಕೆ 1,520 ಸೇರಿಸಿದರೆ ಸರಿಯಾಗಿ 5,625. ನಾನು ಮೂರು ಪುಟದ ಮೊತ್ತವನ್ನೂ ಕೂಡಿ, ಮೊದಲ ಪುಟವನ್ನು ಎರಡು ಸಲ ಎಣಿಸಿದ್ದೆ. ಕಳೆದುಹೋಯಿತೆಂದು ನಾವು ಹುಡುಕಿದ 1,840 ರೂಪಾಯಿ ಆ ಡಬ್ಬಿಗೆ ಬಂದೇ ಇರಲಿಲ್ಲ!

ಕ್ಯಾಲ್ಕುಲೇಟರ್ ತಪ್ಪು ಹೇಳಲಿಲ್ಲ ಸೋದರಿಯರೇ, ನಾನು ತಪ್ಪು ಕೇಳಿದೆ. ಒಂದು ಮಾತು ನೆನಪಿರಲಿ. ಆ ಮೂರು ಪುಟದ ಮೊತ್ತಗಳನ್ನೇ ಪಟ್ಟಿಯಾಗಿ ಕೊಟ್ಟಿದ್ದರೆ ನನ್ನ ಪೈಥಾನ್ ಫಂಕ್ಷನ್ನೂ 7465 ಎಂದೇ ಹೇಳುತ್ತಿತ್ತು. ಕೊಟ್ಟದ್ದನ್ನು ಕೂಡುವುದಷ್ಟೇ ಅದರ ಕೆಲಸ. ಕೊಟ್ಟದ್ದು ಸರಿಯೇ, ಒಂದೇ ಹಣವನ್ನು ಎರಡು ಸಲ ಬರೆದಿದ್ದೇವೆಯೇ ಎಂದು ನೋಡುವುದು ನಮ್ಮ ಕೆಲಸ.

ಹಾಗಿದ್ದರೆ ಕ್ಯಾಲ್ಕುಲೇಟರ್ ಸಾಲದೇ ಅನ್ನಬಹುದು. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 31 ಅಂಕಿ ಒತ್ತುವಾಗ ನಡುವೆ ಎಲ್ಲೋ ತಪ್ಪಿದರೆ ಎಲ್ಲಿ ಎಂದು ಗೊತ್ತಾಗುವುದಿಲ್ಲ, ಮತ್ತೆ ಮೊದಲಿಂದ ಒತ್ತಬೇಕು. ಇಲ್ಲಿ ಪಟ್ಟಿ ಕಣ್ಣ ಮುಂದೆಯೇ ಇರುತ್ತದೆ. ಒಬ್ಬರು ನೋಟ್‌ಬುಕ್ ಓದಿದರೆ ಇನ್ನೊಬ್ಬರು ತೆರೆಯ ಮೇಲೆ ಬೆರಳಿಟ್ಟು ತಾಳೆ ನೋಡಬಹುದು. ತಪ್ಪಿದ ಒಂದು ಅಂಕಿಯನ್ನು ತಿದ್ದಿ ಮತ್ತೆ ಓಡಿಸಿದರಾಯಿತು.

ನೀವು ಮಾಡಿ ನೋಡುವುದಾದರೆ, ನಾನು ಮುಗ್ಗರಿಸಿದ ಇನ್ನು ಕೆಲವು ಕಡೆ ಹೇಳಿಬಿಡುತ್ತೇನೆ.

ಸಾವಿರದ ಅಂಕಿಯ ನಡುವೆ ಅಲ್ಪವಿರಾಮ ಹಾಕಬೇಡಿ. ಪಟ್ಟಿಯಲ್ಲಿ 1,840 ಎಂದು ಬರೆದರೆ ಯಂತ್ರ ಅದನ್ನು 1 ಮತ್ತು 840 ಎಂಬ ಎರಡು ಬೇರೆ ಅಂಕಿಯೆಂದು ತಿಳಿದು 841 ಮಾಡುತ್ತದೆ. 1840 ಎಂದೇ ಬರೆಯಿರಿ.

ಅಂಕಿಯನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಡಿ. '40' ಎಂದರೆ ಅದಕ್ಕೆ ಲೆಕ್ಕದ ಅಂಕಿಯಲ್ಲ, ಬರಹ. ಎರಡು ಬರಹಗಳನ್ನು ಕೂಡು ಎಂದರೆ ಪಕ್ಕಪಕ್ಕ ಜೋಡಿಸುತ್ತದೆ. '40' ಮತ್ತು '25' ಸೇರಿ '4025' ಆಗುತ್ತದೆ! ನಮ್ಮ ಫಂಕ್ಷನ್ನಿನಲ್ಲಿ ಸೊನ್ನೆ ಎಂಬ ಅಂಕಿಗೆ ಬರಹವನ್ನು ಸೇರಿಸಲಾಗದೆ ತಪ್ಪು ಎಂದು ಹೇಳಿ ನಿಂತುಬಿಡುತ್ತದೆ. ಗಾಬರಿಯಾಗಬೇಡಿ, ಚಿಹ್ನೆ ತೆಗೆದುಬಿಡಿ.

ಡೆಫ್ ಸಾಲು, ಫಾರ್ ಸಾಲು ಇವೆರಡರ ಕೊನೆಗೆ ಮೇಲೊಂದು ಕೆಳಗೊಂದು ಚುಕ್ಕೆ ಇಡುವುದನ್ನು ಮರೆಯಬೇಡಿ.

ಪೈಸೆ ಇದ್ದರೆ ಎಲ್ಲವನ್ನೂ ಪೈಸೆಯಲ್ಲೇ ಬರೆಯುವುದು ಒಳ್ಳೆಯದು. ಈ ಯಂತ್ರ ಒಳಗೊಳಗೆ ಲೆಕ್ಕ ಇಡುವುದು ಸೊನ್ನೆ ಮತ್ತು ಒಂದರಲ್ಲಿ. ಹತ್ತನೆಯ ಒಂದು ಭಾಗ ಆ ಲೆಕ್ಕದಲ್ಲಿ ಪೂರ್ತಿ ಕೂರುವುದಿಲ್ಲ. 0.1 ಮತ್ತು 0.2 ಕೂಡಿ ನೋಡಿ, 0.30000000000000004 ಎಂದು ಬರುತ್ತದೆ! 10 ಪೈಸೆ, 20 ಪೈಸೆ ಎಂದು ಪೂರ್ಣ ಅಂಕಿಯಲ್ಲಿ ಬರೆದರೆ ಚೊಕ್ಕವಾಗಿ 30.

ಮಾರಾಟವೇ ಇಲ್ಲದ ದಿನ ಖಾಲಿ ಪಟ್ಟಿ ಕೊಟ್ಟರೂ ಯಂತ್ರ ಕೋಪಿಸಿಕೊಳ್ಳುವುದಿಲ್ಲ. ಪಾತ್ರೆಯಲ್ಲಿದ್ದ 0 ತಂದು ಕೊಡುತ್ತದೆ.

ಇಷ್ಟೆಲ್ಲ ಕಲಿತ ಮೇಲೆ ಹುಡುಗಿ, "ದೊಡ್ಡಮ್ಮ, ಪೈಥಾನಿನಲ್ಲಿ ಸಮ್ ಅಂತ ಮೊದಲೇ ಮಾಡಿಟ್ಟ ಫಂಕ್ಷನ್ ಇದೆ, ಪಟ್ಟಿ ಕೊಟ್ಟರೆ ಒಂದೇ ಸಾಲಿಗೆ ಕೂಡುತ್ತೆ" ಅಂದಳು. "ಮೊದಲೇ ಹೇಳಬಾರದಿತ್ತೇನೇ?" ಎಂದು ರೇಗಿದೆ. ಆಮೇಲೆ ಅನ್ನಿಸಿತು, ಮಿಕ್ಸಿ ಬಂದರೂ ಒರಳಲ್ಲಿ ರುಬ್ಬಿ ಗೊತ್ತಿದ್ದವಳಿಗೆ ಹಿಟ್ಟಿನ ಹದ ಕೈಗೆ ತಿಳಿಯುತ್ತದೆ. ಸಮ್ ಒಳಗೆ ಏನು ನಡೆಯುತ್ತದೆಂದು ಈಗ ನನಗೆ ಗೊತ್ತು. ಕೆಲಸಕ್ಕೆ ಅದನ್ನೇ ಬಳಸುತ್ತೇನೆ.

ಅವತ್ತು ಸಂಜೆಯೇ ನೋಟ್‌ಬುಕ್ಕು, ಬೀಗದಕೈ ಎರಡನ್ನೂ ಹಿಡಿದು ಆಕೆಯ ಮನೆಗೆ ಹೋದೆ. ಆಕೆ ಹೊಲಿಗೆ ನಿಲ್ಲಿಸಲಿಲ್ಲ. ನಾನು ನಿಂತುಕೊಂಡೇ ಹೇಳಿದೆ, "ತಪ್ಪು ನಂದು ಕಣಮ್ಮ. ನಿನ್ನ ಲೆಕ್ಕ ಸರಿಯಾಗಿದೆ." ಮಿಷನ್ ನಿಂತಿತು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕಾ, ನೀವು ಲೆಕ್ಕ ತಪ್ಪಿದ್ದಕ್ಕೆ ನನಗೆ ಬೇಜಾರಿಲ್ಲ. ಆ ಮಾತು ಬಂದಾಗ ಸುಮ್ಮನೆ ಕೂತಿದ್ರಲ್ಲ, ಅದಕ್ಕೆ" ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಎಲ್ಲರ ಎದುರು ಆದ ಅವಮಾನಕ್ಕೆ ಮನೆಯೊಳಗೆ ಕೇಳಿದ ಕ್ಷಮೆ ಸಾಲದು. ಮುಂದಿನ ಸಭೆ ಕರೆದು, ಮೂರು ಪುಟವನ್ನೂ ಎಲ್ಲರಿಗೂ ತೋರಿಸಿ, ಎಲ್ಲಿ ಎರಡು ಸಲ ಎಣಿಸಿದೆ ಎಂದು ನಾನೇ ಹೇಳಿದೆ. ಮೂಲೆಯಲ್ಲಿ ಮಾತಾಡಿದ್ದವರು ತಲೆ ತಗ್ಗಿಸಿದರು. ಬೀಗದಕೈ ಮತ್ತೆ ಆಕೆಯ ಸೆರಗಿನ ತುದಿಗೆ ಬಂತು. ಈಗ ಎರಡು ನಿಯಮ ಮಾಡಿಕೊಂಡಿದ್ದೇವೆ. ಪುಟದ ಸ್ವಂತ ಮೊತ್ತ ಬೇರೆ ಸಾಲು, ಹಿಂದಿನದು ಸೇರಿದ ಮೊತ್ತ ಬೇರೆ ಸಾಲು. ತಿಂಗಳ ಕೊನೆಗೆ ಒಂದೊಂದೇ ಮಾರಾಟ ಓದಿ ಪಟ್ಟಿ ಮಾಡಿ ಕೂಡುವುದು. ಓದುವುದು ನಾನು, ಫೋನಿನಲ್ಲಿ ಒತ್ತುವುದು ಆಕೆ. ನನಗಿಂತ ಬೇಗ ಕಲಿತಳು. ಜಾಗ ಬಿಡುವುದರಲ್ಲಿ ಒಮ್ಮೆಯೂ ತಪ್ಪಿಲ್ಲ. ಹೊಲಿಗೆಯವರ ಕಣ್ಣಲ್ಲವೇ!

ಆ ಐದು ಸಾಲನ್ನು ನೋಡಿದಾಗಲೆಲ್ಲ ನನ್ನ ತಪ್ಪು ನೆನಪಾಗುತ್ತದೆ. ಶುರುವಿಗೆ ಸೊನ್ನೆ ಇಡಬೇಕು, ಮೊದಲೇ ಏನನ್ನೋ ಅಂದುಕೊಂಡು ಕೂಡಬಾರದು. ಕೊನೆಯ ಅಂಕಿ ಮುಗಿಯುವ ತನಕ ಉತ್ತರ ಹೇಳಬಾರದು. ನಾನು ಅವತ್ತು ಮೂರು ಅಂಕಿ ನೋಡಿ, 31ನ್ನೂ ನೋಡಿದವಳ ಹಾಗೆ ಮಾತಾಡಿದ್ದೆ.

ನಿಮ್ಮ ಮನೆಯಲ್ಲೂ ಓದುವ ಮಕ್ಕಳಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಈ ಐದು ಸಾಲು ಬರೆದು ನೋಡಿ. ಹಾಲು, ಸೊಪ್ಪು, ಗ್ಯಾಸು, ಏನಾದರೂ ಸರಿ, ಒಂದು ವಾರದ ಖರ್ಚು ಕೂಡಿಸಿ. ಮೊದಲ ಸಲ ತಪ್ಪು ಉತ್ತರ ಬಂದರೆ ನಕ್ಕುಬಿಡಿ. ಮೊದಲ ಅಂಕಿಯೇ ಬಂದಿದ್ದರೆ ರಿಟರ್ನ್ ನೋಡಿ, ಕೊನೆಯ ಅಂಕಿ ಬಂದಿದ್ದರೆ ಸೊನ್ನೆ ನೋಡಿ. ಏನಾಯಿತೆಂದು ನನಗೆ ಬರೆದು ತಿಳಿಸುತ್ತೀರಲ್ಲ?

ಮುಂದಿನ ಸಲ ಖಂಡಿತ ಉಪ್ಪಿನಕಾಯಿ!